ಲಾಲ್‌ಬಾಗಿನ ಮೇಲಂತಸ್ತಿನ ನಿವಾಸಿಗಳು

ಲಾಲ್‌ಬಾಗ್ ಎಂದೊಡನೆ ನೆನಪಾಗುವುದು ಗಾಜಿನ ಮನೆ, ಕೆಂಪೇಗೌಡ ಗೋಪುರ ಹೊತ್ತ ಬಂಡೆ, ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನ. 1760ರಲ್ಲಿ ಹೈದರಾಲಿ ಹಾಕಿಸಿದ ಈ ತೋಟ ಇಂದು 240 ಎಕರೆಗೆ ಹರಡಿದೆ. ಬಂದವರ ಕಣ್ಣು ಹೆಚ್ಚಾಗಿ ಹೂವಿನ ಮಡಿಗಳ ಮಟ್ಟದಲ್ಲೇ ನಿಂತುಬಿಡುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ತಲೆಯೆತ್ತಿ, ಹಳೆಯ ದೊಡ್ಡ ಮರಗಳ ಅಡ್ಡ ಕೊಂಬೆಗಳ ತಳಭಾಗವನ್ನು ನೋಡಬೇಕು. ಅರ್ಧಚಂದ್ರಾಕಾರದಲ್ಲಿ ಕಪ್ಪಗೆ ತೂಗುವ ಹೆಜ್ಜೇನಿನ ಹುಟ್ಟುಗಳು ಆಗ ಕಾಣಸಿಗುತ್ತವೆ. ಇವನ್ನು ಅಪಾಯವೆಂದೋ ಕಸವೆಂದೋ ನೋಡುವುದು ರೂಢಿ. ಆದರೆ ಈ ತೋಟ ಇಷ್ಟು ವರ್ಷ ಉಳಿದು ಬೆಳೆದದ್ದಕ್ಕೆ ಸಿಕ್ಕಿರುವ ದೊಡ್ಡ ಫಲಗಳಲ್ಲಿ ಅವೂ ಒಂದು. ಅವನ್ನು ಕಿತ್ತುಹಾಕುವ ಬದಲು ಅವುಗಳ ಸುತ್ತ ತೋಟದ ದಿನಚರಿಯನ್ನೇ ಹೊಂದಿಸಿಕೊಳ್ಳಬೇಕು ಎಂಬುದು ಈ ಬರಹದ ವಾದ.

ಹೆಜ್ಜೇನು ಪೊಟರೆಯಲ್ಲಿ ಅಡಗುವ ಹುಳುವಲ್ಲ. ಬಯಲಿನಲ್ಲಿ, ಎತ್ತರದ ಕೊಂಬೆಗೋ ಕಲ್ಲಿನ ಚಾಚಿಗೋ ನೀರಿನ ಟ್ಯಾಂಕಿನ ಅಂಚಿಗೋ ಒಂದೇ ಒಂದು ಎರಿ ಕಟ್ಟುತ್ತದೆ. ಆ ಎರಿ ಒಂದು ಮೀಟರಿನಷ್ಟು ಅಗಲವಾಗುವುದೂ ಉಂಟು. ದೂರದಿಂದ ಕಾಣುವ ಕಪ್ಪು ಮೈ ಮೇಣದ್ದಲ್ಲ, ಜೀವಂತ ಹುಳುಗಳದ್ದು. ಸಾವಿರಾರು ಕೆಲಸಗಾರ ಹುಳುಗಳು ಒಂದರ ಮೇಲೊಂದು ಪದರವಾಗಿ ಹೆಣೆದುಕೊಂಡು ಮರಿಗಳನ್ನೂ ತುಪ್ಪವನ್ನೂ ಮುಚ್ಚಿ ಹಿಡಿದಿರುತ್ತವೆ. ಕಡಜವೊಂದು ಹತ್ತಿರ ಸುಳಿದರೆ ಹೊರಪದರದ ಹುಳುಗಳು ಸರದಿಯಂತೆ ಹಿಂಬದಿಯನ್ನು ಮೇಲೆತ್ತುತ್ತವೆ. ಕ್ಷಣಾರ್ಧದಲ್ಲಿ ಹುಟ್ಟಿನ ಈ ಅಂಚಿನಿಂದ ಆ ಅಂಚಿಗೆ ಮಿರುಗುವ ಅಲೆ ಓಡುತ್ತದೆ. ಈ ಅಲೆಗೆ ಕಡಜಗಳು ಹಿಂದೆ ಸರಿಯುತ್ತವೆ ಎಂಬುದನ್ನು ಆಸ್ಟ್ರಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಬೈನಾಕ್ಯುಲರ್ ಇದ್ದರೆ ದೂರದ ಹಾದಿಯಲ್ಲಿ ನಿಂತೇ ಇದನ್ನು ನೋಡಬಹುದು. ಮರದಡಿ ನಿಲ್ಲಿಸಿದ ವಾಹನದ ಮೇಲೆ ಬೀಳುವ ಹಳದಿ ಚುಕ್ಕೆಗಳೂ ಇವುಗಳದ್ದೇ. ಹುಳುಗಳು ಒಟ್ಟಾಗಿ ಹಾರಿ ಮಲ ಚೆಲ್ಲುತ್ತವೆ. ಅದರಲ್ಲಿ ಜೀರ್ಣವಾದ ಪರಾಗದ ಸಿಪ್ಪೆ ತುಂಬಿರುತ್ತದೆ. ಆಗ್ನೇಯ ಏಷ್ಯಾದಲ್ಲಿ 1980ರ ದಶಕದ ಆರಂಭದಲ್ಲಿ ಇಂಥದೇ ‘ಹಳದಿ ಮಳೆ’ಯನ್ನು ಅಮೆರಿಕ ಸರ್ಕಾರ ವಿಷಾಸ್ತ್ರವೆಂದು ಆರೋಪಿಸಿತ್ತು. ಜೇನುಗಳ ಹಿಕ್ಕೆಯತ್ತ ಬೊಟ್ಟುಮಾಡಿದವರು ವಿಜ್ಞಾನಿಗಳಾದ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಥಾಮಸ್ ಸೀಲಿ.

ಇಷ್ಟು ದೊಡ್ಡ ಸಂಸಾರ ನಗರದ ನಡುವೆ ಬದುಕುವುದು ಹೇಗೆ? ಉತ್ತರ ಪ್ರದರ್ಶನದ ಹೂಗಳಲ್ಲಿಲ್ಲ. ಗಾಜಿನ ಮನೆಯೊಳಗಿನ ಆಕೃತಿಗಳಿಗೆ ಚುಚ್ಚುವ ಗುಲಾಬಿ, ಸೇವಂತಿಗೆಗಳು ಕಿತ್ತು ತಂದವು. ಮಡಿಗಳಲ್ಲಿನ ಎಷ್ಟೋ ಅಲಂಕಾರಿಕ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿವೆ. ನೋಟಕ್ಕೆ ತುಂಬು ಹೂ, ಜೇನಿಗೆ ಖಾಲಿ ತಟ್ಟೆ. ಜೇನಿನ ಊಟ ಇರುವುದು ಮರಗಳಲ್ಲಿ. ರಾತ್ರಿ ಅರಳಿ ಬಾವಲಿಗಳನ್ನು ಕರೆಯುವ ಬಿಳಿ ಬೂರುಗದ ಹೂವಿನಲ್ಲಿ ಮಿಕ್ಕ ಮಕರಂದ ನಸುಕಿನಲ್ಲಿ ಜೇನಿನ ಪಾಲು. ಮಾವು ಹೂ ಬಿಟ್ಟು ಮುಗಿಸುವಷ್ಟರಲ್ಲಿ ಹೊಂಗೆ, ನೇರಳೆ, ಮಳೆಮರ ಶುರುವಾಗುತ್ತವೆ, ಆಮೇಲೆ ಹುಣಸೆ. ಒಂದು ಮುಗಿಯುವಾಗ ಇನ್ನೊಂದು ಅರಳುವ ಈ ಸರದಿ, ಗೂಡಿಗೆ ಬೇಕಾದ ಎತ್ತರ, ಬೇಸಿಗೆಯಲ್ಲೂ ಸಿಗುವ ಕೆರೆಯ ನೀರು, ಈ ಮೂರೂ ಒಂದೇ ಕಡೆ ಸಿಗುವ ಜಾಗ ಇಂದಿನ ಬೆಂಗಳೂರಿನಲ್ಲಿ ಎಷ್ಟಿವೆ? ಮಳೆಮರ ಅಮೆರಿಕ ಖಂಡದಿಂದ ಬಂದದ್ದು, ಇದು ಕಾಡಲ್ಲ ಕಟ್ಟಿದ ತೋಟ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಹೆಜ್ಜೇನು ಹೂವಿನ ಮೂಲ ವಿಚಾರಿಸುವುದಿಲ್ಲ. ಅದಕ್ಕೆ ಬೇಕಾದುದು ವಯಸ್ಸಾದ ಮರ, ಮತ್ತು ಮರಕ್ಕೆ ವಯಸ್ಸಾಗಲು ಬಿಡುವ ಆಡಳಿತ.

ಹುಟ್ಟು ತೆಗೆಸಿದರೆ ತೊಂದರೆ ತಪ್ಪಿತು ಎಂಬ ನಂಬಿಕೆ ಇಲ್ಲಿಯೇ ಎಡವುತ್ತದೆ. ಹೆಜ್ಜೇನು ವಲಸೆಗಾರ. ಹೂವಿನ ಕಾಲ ಮುಗಿದಾಗ ಎರಿ ಬಿಟ್ಟು ಏಳುತ್ತದೆ, ಹೂವಿನ ಕಾಲಕ್ಕೆ ಮತ್ತೆ ಬರುತ್ತದೆ. ಅಸ್ಸಾಮಿನಲ್ಲಿ ಡಿಎನ್‌ಎ ಪರೀಕ್ಷೆ ನಡೆಸಿದ ಸಂಶೋಧಕರು, ತಿಂಗಳುಗಟ್ಟಲೆ ದೂರವಿದ್ದ ಕುಟುಂಬಗಳು ಅದೇ ರಾಣಿಯೊಂದಿಗೆ ಹಳೆಯ ಜಾಗಕ್ಕೇ ಮರಳಿದ್ದನ್ನು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರದಲ್ಲಿ ನೂರಾರು ಹುಟ್ಟುಗಳು ಒಟ್ಟಿಗೆ ನೇತಾಡುವುದನ್ನು ಕಂಡವರಿಗೆ, ಸುತ್ತ ಬೇರೆ ಮರಗಳಿದ್ದರೂ ಜೇನು ಒಂದೇ ಮರವನ್ನು ಆರಿಸಿಕೊಳ್ಳುವ ಹಟ ಗೊತ್ತು. ಅಂದಮೇಲೆ ಹೊಗೆ ಹಾಕಿ, ಔಷಧ ಹೊಡೆದು ಓಡಿಸುವುದರಿಂದ ಸಿಗುವುದು ಹೆಚ್ಚೆಂದರೆ ಒಂದು ಋತುವಿನ ನೆಮ್ಮದಿ. ಆ ನೆಮ್ಮದಿಗೆ ಸಾವಿರಾರು ಪರಾಗವಾಹಕಗಳನ್ನು ಬಲಿ ಕೊಟ್ಟಿರುತ್ತೇವೆ, ಕೆರಳಿ ಚದುರಿದ ಹುಳುಗಳ ಕಾಟ ಬೇರೆ.

ಗಂಭೀರ ಆಕ್ಷೇಪ ಜೀವಭಯದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೆಜ್ಜೇನು ದಾಳಿಯಲ್ಲಿ ಸಾವು ಸಂಭವಿಸಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಮಕ್ಕಳು, ಮುದುಕರು, ಅಲರ್ಜಿ ಇರುವವರು ಓಡಾಡುವ ತೋಟದಲ್ಲಿ ‘ಜೇನು ಮುಖ್ಯ, ಜನ ಆಮೇಲೆ’ ಎನ್ನುವುದು ಕ್ರೌರ್ಯವಾಗುತ್ತದೆ. ಆದರೆ ದಾಳಿಯ ಕಾರಣಗಳನ್ನು ಬಿಡಿಸಿ ನೋಡಬೇಕು. ಹೆಜ್ಜೇನು ಹಾದಿಹೋಕರನ್ನು ಹುಡುಕಿಕೊಂಡು ಬರುವುದಿಲ್ಲ. ಯಾರೋ ಕಲ್ಲೆಸೆದಿರುತ್ತಾರೆ, ಕೆಳಗೆ ಹೊಗೆ ಎದ್ದಿರುತ್ತದೆ, ಜೇನುಗಿಡುಗ ಎರಿಗೆ ಎರಗಿರುತ್ತದೆ. ಒಂದು ಹುಳು ಕಚ್ಚಿದೊಡನೆ ಅದು ಬಿಟ್ಟ ವಾಸನೆ ಉಳಿದವುಗಳನ್ನು ಅಲ್ಲಿಗೇ ಕರೆಯುತ್ತದೆ. ಆದ್ದರಿಂದಲೇ ಕೈ ಬೀಸುತ್ತ ಅಲ್ಲೇ ನಿಲ್ಲದೆ, ಮುಖ ಮುಚ್ಚಿಕೊಂಡು ದೂರ ಓಡಿ ಮುಚ್ಚಿದ ಕಟ್ಟಡ ಸೇರಬೇಕು. ನೀರಿಗೆ ಧುಮುಕುವುದು ತಪ್ಪು ಉಪಾಯ. ಗಿಡುಗವನ್ನು ತಡೆಯಲಾಗದು, ಮನುಷ್ಯನ ಕಾರಣಗಳನ್ನು ಖಂಡಿತ ತಡೆಯಬಹುದು. ಹುಟ್ಟು ಕಟ್ಟಿದ ಮರದ ಸುತ್ತ ಆ ಋತುವಿಗಷ್ಟೇ ಹಗ್ಗ ಕಟ್ಟಿ ಹಾದಿ ತಿರುಗಿಸುವುದು, ಕನ್ನಡದಲ್ಲಿ ದಪ್ಪಕ್ಷರದ ಫಲಕ ಹಾಕುವುದು, ರಾತ್ರಿ ಬೆಳಕಿಗೆ ಹೆಜ್ಜೇನು ಮುಗಿಬೀಳುವುದರಿಂದ ಅಲಂಕಾರದ ದೀಪಗಳನ್ನು ಆ ಮರಗಳಿಂದ ದೂರವಿಡುವುದು ದುಬಾರಿ ಕೆಲಸಗಳಲ್ಲ. ಹಾದಿಯ ಮೇಲೆಯೇ, ಕೈಗೆಟಕುವಷ್ಟು ಕೆಳಗೆ ಕಟ್ಟಿದ ಹುಟ್ಟನ್ನು ತಿಳಿದವರಿಂದ ತೆಗೆಸಲಿ, ಅದಕ್ಕೆ ತಕರಾರಿಲ್ಲ. ತಕರಾರಿರುವುದು ಆಕಾಶದಲ್ಲಿರುವುದನ್ನೂ ಅದೇ ಹೆಸರಿನಲ್ಲಿ ಸುಡುವುದಕ್ಕೆ.

ಇನ್ನೊಂದು ಆಕ್ಷೇಪ ನಯವಾದದ್ದು: ಹುಟ್ಟುಗಳು ಕಾಣುತ್ತಿವೆ ಎಂದಮಾತ್ರಕ್ಕೆ ಜೇನು ಆರೋಗ್ಯವಾಗಿದೆ ಎನ್ನಬಹುದೇ? ಎನ್ನಲಾಗದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡ ಮತ್ತು ಸಂಗಡಿಗರು ನಗರದ ಬೇರೆ ಬೇರೆ ಕಡೆ ಹಳದಿ ಟೆಕೋಮಾ ಹೂಗಳಿಗೆ ಬರುವ ಹೆಜ್ಜೇನುಗಳನ್ನು ಅಧ್ಯಯನ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಳಿ ಕೆಟ್ಟಿದ್ದ ಜಾಗಗಳಲ್ಲಿ ಹೂವಿಗೆ ಬರುವ ಹುಳುಗಳು ಕಡಿಮೆಯಾಗಿದ್ದವು; ಅಲ್ಲಿಂದ ಹಿಡಿದು ತಂದವುಗಳಲ್ಲಿ ಶೇ 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು. ಲಾಲ್‌ಬಾಗಿನ ಬೇಲಿ ಈ ಗಾಳಿಯನ್ನು ತಡೆಯುವುದಿಲ್ಲ. ಆದರೆ ಇದು ಹುಟ್ಟುಗಳನ್ನು ಉಪೇಕ್ಷಿಸಲು ಕಾರಣವಲ್ಲ, ಅವನ್ನು ಎಣಿಸಿ ದಾಖಲಿಸಲು ಕಾರಣ. ಯಾವ ಮರ, ಎಷ್ಟು ಹುಟ್ಟು, ಯಾವ ತಿಂಗಳು ಬಂದವು, ಯಾವಾಗ ಎದ್ದವು ಎಂಬ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆದರೆ, ನಗರದ ಆರೋಗ್ಯದ ಬಗ್ಗೆ ಅಷ್ಟು ಅಗ್ಗವಾಗಿ ಸಿಗುವ ಮಾಹಿತಿ ಮತ್ತೊಂದಿರದು.

ಹೆಜ್ಜೇನೇ ಏಕೆ, ಪೆಟ್ಟಿಗೆ ಇಟ್ಟು ಸಾಧು ಜೇನು ಸಾಕಿದರಾಗದೇ ಎನ್ನುವವರಿಗೆ 1991–92ರ ನೆನಪು ಬೇಕು. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಡಿದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇ 90ಕ್ಕೂ ಹೆಚ್ಚು ನಾಶವಾದವು, ಕೊಡಗಿನಿಂದ ಉತ್ತರ ಕನ್ನಡದವರೆಗೆ ಪೆಟ್ಟಿಗೆಗಳು ಬರಿದಾದವು. ಒಂದೇ ಬಗೆಯ ಜೇನನ್ನು ನೆಚ್ಚುವುದರ ಬೆಲೆ ಅದು. ಪೆಟ್ಟಿಗೆಯ ಜೇನು ಮಾಡಲಾರದ ಕೆಲಸಗಳೂ ಇವೆ. ಬದನೆ, ಟೊಮೆಟೊ ಹೂವಿನ ಪರಾಗ ಉದುರಲು ಹೂವನ್ನು ಹಿಡಿದು ಮೈ ನಡುಗಿಸುವ ನೀಲಿಪಟ್ಟೆಯ ಒಂಟಿ ಜೇನೋ ಮರ ಕೊರೆಯುವ ದೊಡ್ಡ ದುಂಬಿಯೋ ಬೇಕು. ಮೊದಲನೆಯದು ಬರಿ ಮಣ್ಣಿನಲ್ಲಿ ಬಿಲ ತೋಡುತ್ತದೆ, ಎರಡನೆಯದಕ್ಕೆ ಒಣಮರ ಬೇಕು. ಗೋಡೆಯ ಬಿರುಕಿನಿಂದ ಅಂಟಿನ ಪುಟ್ಟ ಕೊಳವೆ ಹೊರಚಾಚುವ ನಸರಿ ಜೇನಿಗೆ ಆ ಬಿರುಕನ್ನು ಸಿಮೆಂಟಿನಿಂದ ಮುಚ್ಚದಿದ್ದರೆ ಸಾಕು. ತೋಟವೆಂದರೆ ಎಲ್ಲ ಕಡೆ ಹುಲ್ಲುಹಾಸು, ಇಲ್ಲವೇ ಕಲ್ಲುಹಾಸು ಎಂಬ ಹಟವನ್ನು ಕೆಲವು ಮೂಲೆಗಳಲ್ಲಾದರೂ ಬಿಡಬೇಕು.

ನೋಡಬಯಸುವವರಿಗೆ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ, ಬೆಳಗಿನ ಹೊತ್ತು ಉತ್ತಮ. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಗಾಢ ಸುಗಂಧ ಹಚ್ಚಿಕೊಳ್ಳದೆ, ಹುಟ್ಟಿನ ನೇರ ಕೆಳಗೆ ನಿಲ್ಲದೆ, ಫ್ಲ್ಯಾಷ್ ಬಳಸದೆ ನೋಡಬೇಕು. ತೋಟಗಾರಿಕೆ ಇಲಾಖೆ ಮಾಡಬಹುದಾದ ಮೊದಲ ಕೆಲಸವಂತೂ ಸರಳ: ಹುಟ್ಟು ಕಟ್ಟುವ ಮರಗಳ ಕೊಂಬೆ ಸವರುವ ಕೆಲಸವನ್ನು ಬೇಸಿಗೆಯಿಂದ ತೆಗೆದು, ಜೇನು ಎದ್ದುಹೋದ ಮೇಲಿನ ಮಳೆಗಾಲದ ತಿಂಗಳುಗಳಿಗೆ ಹಾಕುವುದು, ಮತ್ತು ಒಣಗದ, ಬೀಳುವ ಭಯವಿಲ್ಲದ ಅಡ್ಡ ಕೊಂಬೆಗಳಿಗೆ ಗರಗಸ ತಾಗದಂತೆ ಗುತ್ತಿಗೆಯ ಷರತ್ತಿನಲ್ಲೇ ಬರೆಯುವುದು.