ಊರಿನ ಹೆಸರು ಕೇಳುವ ಮರ

ಮೈತುಂಬ ಕಪ್ಪು ಮಚ್ಚೆ ಇದ್ದರೆ ಶೇವರಾ. ಮೈ ಬಿಳಿ, ಮೋರೆಯ ಅಕ್ಕಪಕ್ಕ ಮಾತ್ರ ಕಪ್ಪಿದ್ದರೆ ವನ್ನೇರಾ. ಎಲ್ಲವೂ ಬಿಳಿಯಾದರೆ ಬಾಲಂಕ್ಯಾ. ಉದಗೀರ, ನಿಲಂಗಾ, ಉಮರ್ಗಾ ಸೀಮೆಯ, ನಮ್ಮ ಬೀದರಿನಲ್ಲೂ ಸಾಕುವ ದೇವಣಿ ದನಗಳ ಬಗೆ ಗುರುತಿಸಲು ಎರಡು ಪ್ರಶ್ನೆ ಸಾಕು. ಹೀಗೆ ಪ್ರಶ್ನೆಯಿಂದ ಪ್ರಶ್ನೆಗೆ ಕವಲೊಡೆಯುತ್ತ ವಿಂಗಡಿಸುವುದನ್ನೇ ಸಂಖ್ಯಾಶಾಸ್ತ್ರ ನಿರ್ಧಾರ ವೃಕ್ಷ ಎನ್ನುತ್ತದೆ.

ಪ್ರಶ್ನೆಗಳನ್ನು ಕಂಪ್ಯೂಟರೇ ಹುಡುಕುವ ವಿಧಾನವನ್ನು ಲಿಯೊ ಬ್ರೈಮನ್ ಮತ್ತು ಮೂವರು ಸಂಗಡಿಗರು 1984ರ ಪುಸ್ತಕದಲ್ಲಿ ವಿವರಿಸಿದರು. ಇದ್ದಬದ್ದ ಕವಲುಗಳನ್ನೆಲ್ಲ ಪ್ರಯತ್ನಿಸಿ, ಗುಂಪುಗಳನ್ನು ಚೆನ್ನಾಗಿ ಬೇರ್ಪಡಿಸುವುದನ್ನು ಆರಿಸಬೇಕು. ಅತಿಯಾಗಿ ಬೆಳೆದ ಮರವನ್ನು ಸವರಬೇಕು.

ತೊಡಕಿರುವುದು ಆ ಪ್ರಯತ್ನದಲ್ಲೇ. ಯಾವ ಹಸು ಹೆಚ್ಚು ಹಾಲು ಕೊಡುತ್ತದೆ ಎಂದು ಊಹಿಸುವ ಮರ ಬೇಕೆನ್ನಿ. ಮೋರೆ ಕಪ್ಪೋ ಬಿಳಿಯೋ ಎಂಬುದು ಒಂದೇ ಬಗೆಯಲ್ಲಿ ಕವಲೊಡೆಯುತ್ತದೆ. ಹಸು ಯಾವ ಊರಿನದು ಎಂದು ಕೇಳಿದರೆ, 20 ಊರುಗಳ ಹೆಸರನ್ನು ಎರಡು ಗುಂಪು ಮಾಡಲು 5,24,287 ದಾರಿಗಳಿವೆ! ಹಾಲಿಗೂ ಊರಿಗೂ ಸಂಬಂಧವೇ ಇಲ್ಲದಿದ್ದರೂ, ಇಷ್ಟರಲ್ಲಿ ಒಂದು ಬರೀ ಅದೃಷ್ಟದಿಂದ ಅದ್ಭುತವಾಗಿ ಕಾಣುತ್ತದೆ. ಮರ ಊರನ್ನೇ ಹಿಡಿದುಕೊಳ್ಳುತ್ತದೆ. ಮೇವು, ಸೂಲಿನ ಸಂಖ್ಯೆಯಂಥ ನಿಜವಾದ ಕಾರಣಗಳು ಹಿಂದೆ ಬೀಳುತ್ತವೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೈ-ಯಿನ್ ಲೋ ಕಂಡುಕೊಂಡ ಪರಿಹಾರ ನನಗೆ ತುಂಬ ಹಿಡಿಸಿದೆ. ಯಾವ ಲಕ್ಷಣ ಕೇಳಬೇಕು, ಅದನ್ನು ಎಲ್ಲಿ ಸೀಳಬೇಕು ಎಂಬ ಎರಡು ಕೆಲಸಗಳನ್ನು ಅವರು ಬೇರೆ ಮಾಡಿದರು. ಮೊದಲು ಪ್ರತಿ ಲಕ್ಷಣಕ್ಕೂ ಫಲಿತಾಂಶಕ್ಕೂ ನಂಟಿದೆಯೇ ಎಂದು ಸಂಖ್ಯಾಶಾಸ್ತ್ರದ ಪರೀಕ್ಷೆ. ಗೆದ್ದ ಲಕ್ಷಣಕ್ಕೆ ಮಾತ್ರ ಕವಲಿನ ಹುಡುಕಾಟ. 1997ರ ಕ್ವೆಸ್ಟ್, 2002ರ ಗೈಡ್ ಎಂಬ ವಿಧಾನಗಳು ಈ ದಾರಿಯವು. ಹೆಚ್ಚು ಹೆಸರುಗಳಿವೆ ಎಂಬ ಒಂದೇ ಬಲದ ಮೇಲೆ ಇಲ್ಲಿ ಯಾವ ಲಕ್ಷಣವೂ ಗೆಲ್ಲಲಾರದು.

ನೂರಾರು ಮರ ಬೆಳೆಸಿ ಮತ ಹಾಕಿಸುವ ರ‍್ಯಾಂಡಮ್ ಫಾರೆಸ್ಟನ್ನು ಬ್ರೈಮನ್ 2001ರಲ್ಲಿ ತಂದರು. ಊಹೆ ಹೆಚ್ಚು ನಿಖರವಾಯಿತು, ನಿಜ. ಆದರೆ ಹೆಚ್ಚು ಹೆಸರುಗಳಿರುವ ಲಕ್ಷಣದ ಕಡೆಗಿನ ಪಕ್ಷಪಾತ ಅಲ್ಲೂ ಉಳಿದಿದೆಯೆಂದು ಕರೋಲಿನ್ ಸ್ಟ್ರೋಬಲ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಮೇಲಾಗಿ, ನೂರಾರು ಮರಗಳ ತೀರ್ಮಾನಕ್ಕೆ ಕಾರಣವೇನೆಂದು ದನ ಸಾಕುವವರಿಗೆ ಬಿಡಿಸಿ ಹೇಳುವುದು ಕಷ್ಟ. ಅವರ ಕೈಗೆ ಕೊಡುವುದಾದರೆ ನಾಲ್ಕೈದು ಪ್ರಶ್ನೆಗಳ ಒಂದೇ ಮರ ಮೇಲು. ಅದನ್ನು ಉದಗೀರ, ಉಮರ್ಗಾದ ಹಸುಗಳಿಂದ ಕಟ್ಟಿ ನಿಲಂಗಾದ ಹಸುಗಳ ಮೇಲೆ ಪರೀಕ್ಷಿಸಬೇಕು. ಊರಿನ ಹೆಸರನ್ನು ನೆಚ್ಚಿಕೊಂಡ ಮರಕ್ಕೆ ನಿಲಂಗಾದ ಹಳ್ಳಿಗಳ ಪರಿಚಯವೇ ಇರುವುದಿಲ್ಲ. ಅದರ ಬಣ್ಣ ಅಲ್ಲೇ ಬಯಲಾಗುತ್ತದೆ.