ಮೂರು ದಿನದ ಗುರಾಣಿ

ಆಟವೆಂದರೆ ಎಲ್ಲರೂ ಒಂದೇ ಗೆರೆಯಿಂದ ಹೊರಡಬೇಕು ಎಂಬುದು ನಮ್ಮೆಲ್ಲರ ಸಹಜ ತಿಳಿವಳಿಕೆ. ಕಬಡ್ಡಿಯಲ್ಲಿ ಎರಡೂ ಕಡೆ ಏಳೇಳು ಮಂದಿ. ಚದುರಂಗದಲ್ಲಿ ಎರಡೂ ಕಡೆ ಹದಿನಾರು ಕಾಯಿಗಳು. ಅಂತರಜಾಲದಲ್ಲಿ ನಡೆಯುವ ಯುದ್ಧತಂತ್ರದ ಆಟಗಳಲ್ಲಿ ಇದು ಸಾಧ್ಯವಿಲ್ಲ. ಅಲ್ಲಿನ ಆಟ ಹಗಲಿರುಳು ಸಾಗುತ್ತಿರುತ್ತದೆ. ಯಾರು ಯಾವಾಗ ಬೇಕಾದರೂ ಬಂದು ಸೇರಬಹುದು. ಇಂದು ಬಂದವನು ಮೊದಲ ಕಣಜ ಕಟ್ಟುವ ಹೊತ್ತಿಗೆ, ಎರಡು ತಿಂಗಳ ಹಿಂದೆಯೇ ಬಂದು ನೆಲೆಯೂರಿದ ನೆರೆಯವನ ಬಳಿ ಸಾವಿರಾರು ಸೈನಿಕರಿರುತ್ತಾರೆ. ಇಬ್ಬರಿಗೂ ಒಂದೇ ನಿಯಮ ಎನ್ನುವುದು ಕಾಗದದ ಮೇಲೆ ಸಮಾನತೆ; ನೆಲದ ಮೇಲೆ ಸುಲಿಗೆ.

ಈ ಇಕ್ಕಟ್ಟಿಗೆ ಆಟ ರೂಪಿಸಿದವರು ಕಂಡುಕೊಂಡ ಪರಿಹಾರವೇ ಹೊಸಬರಿಗೆ ನೀಡುವ ತಾತ್ಕಾಲಿಕ ರಕ್ಷಣೆ. 2004ರಲ್ಲಿ ಜರ್ಮನಿಯಲ್ಲಿ ಆರಂಭವಾದ 'ಟ್ರೇವಿಯನ್' ಆಟವನ್ನೇ ನೋಡಿ. ಅದು ತೊಡಗುವುದು ಒಂದು ಪುಟ್ಟ ಹಳ್ಳಿಯಿಂದ. ಮರ, ಮಣ್ಣು, ಕಬ್ಬಿಣ, ಧಾನ್ಯ ಕೂಡಿಹಾಕಿ ಊರು ಬೆಳೆಸಬೇಕು, ಸೈನ್ಯ ಕಟ್ಟಬೇಕು. ನೆರೆಯವನ ಉಗ್ರಾಣ ದೋಚುವುದೂ ಅಲ್ಲಿ ನಿಯಮಬದ್ಧವಾದ ಆಟವೇ. ಆದರೆ ಹೊಸ ಹಳ್ಳಿಯ ಮೇಲೆ ಮೊದಲ ಕೆಲವು ದಿನ ಯಾರೂ ದಾಳಿ ಮಾಡುವಂತಿಲ್ಲ. ಆ ಅವಧಿಯಲ್ಲಿ ಹೊಸಬನೂ ಇತರ ಆಟಗಾರರ ಮೇಲೆ ಏರಿ ಹೋಗುವಂತಿಲ್ಲ.

ಇದನ್ನು ದಯೆ ಎಂದು ಭಾವಿಸಬೇಕಾಗಿಲ್ಲ. ಪದೇಪದೇ ಸುಲಿಗೆಗೆ ಒಳಗಾಗುವ ಹಳ್ಳಿಗೆ ಈ ಆಟಗಾರರ ಪರಿಭಾಷೆಯಲ್ಲಿ 'ಫಾರ್ಮ್' ಎಂದೇ ಹೆಸರು. ಉಳುವ ಕಷ್ಟ ಒಬ್ಬನದು, ಕೊಯ್ಲು ಮತ್ತೊಬ್ಬನದು. ಹೀಗೆ ಸುಲಿಗೆಗೊಳಗಾದವನು ಬೇಸತ್ತು ಆಟವನ್ನೇ ಬಿಟ್ಟು ಹೋಗುತ್ತಾನೆ. ಹೊಸಬರೆಲ್ಲ ಹೀಗೆ ಹೊರನಡೆದರೆ ಉಳಿಯುವುದು ಪಾಳುಬಿದ್ದ ಊರುಗಳ ನಡುವಿನ ನಾಲ್ಕಾರು ಬಲಿಷ್ಠರು ಮಾತ್ರ. ಹೊಸಬರ ರಕ್ಷಣೆ ಬಲಿಷ್ಠರ ದೀರ್ಘಕಾಲದ ಹಿತವೂ ಹೌದೆಂಬುದನ್ನು ಸಮಾಜಕ್ಕಿಂತ ಬೇಗ ಕಲಿತುಕೊಂಡದ್ದು ಪ್ರಾಯಶಃ ಈ ಆಟಗಳೇ ಇರಬೇಕು.

ಪ್ರಶ್ನೆಯಿರುವುದು ಅಳತೆಗೋಲಿನದು. ರಕ್ಷಣೆಯನ್ನು ಗಡಿಯಾರದಿಂದ ಅಳೆಯಬೇಕೋ, ಶಕ್ತಿಯಿಂದ ಅಳೆಯಬೇಕೋ? ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 2012ರಲ್ಲಿ ಹೊರತಂದ 'ಕ್ಲ್ಯಾಷ್ ಆಫ್ ಕ್ಲ್ಯಾನ್ಸ್' ಗಡಿಯಾರವನ್ನು ನಂಬಿತು: ಹೊಸಬರಿಗೆ ಮೂರು ದಿನದ ಗುರಾಣಿ. ಅದಕ್ಕೂ ಹತ್ತು ವರ್ಷ ಮೊದಲೇ, 2002ರಲ್ಲಿ ಬಂದ ಜರ್ಮನಿಯ 'ಓಗೇಮ್' ಬೇರೆ ದಾರಿ ಹಿಡಿದಿತ್ತು. ಅದರ ಆರಂಭದ ನಿಯಮದಂತೆ, ಹೊಸಬ ಒಂದು ಮಟ್ಟ ಮುಟ್ಟುವವರೆಗೆ ಅವನಿಗಿಂತ ಐದು ಪಟ್ಟಿಗೂ ಹೆಚ್ಚು ಅಂಕವುಳ್ಳವರು ಅವನನ್ನು ಮುಟ್ಟುವಂತಿರಲಿಲ್ಲ, ಸರೀಕರು ಮುಟ್ಟಬಹುದಿತ್ತು. ಪೂರ್ವ ಏಷ್ಯಾದ ಹಳೆಯ ಮಣೆಯಾಟ 'ಗೋ'ದಲ್ಲಿಯೂ ಇದೇ ವಿವೇಕವಿದೆ. ಬಲಿಷ್ಠನೆದುರು ಕೂರುವ ದುರ್ಬಲನು ಎರಡರಿಂದ ಒಂಬತ್ತರವರೆಗೆ ಕಲ್ಲುಗಳನ್ನು ಮುಂಗಡವಾಗಿ ಮಣೆಯ ಮೇಲಿಡಬಹುದು. ಇಬ್ಬರ ನಡುವಿನ ಅಂತರ ತಗ್ಗಿದಂತೆ ಮುಂಗಡದ ಕಲ್ಲುಗಳೂ ತಗ್ಗುತ್ತವೆ. ಅಲ್ಲಿ ತಿಥಿ ನೋಡಿ ರಿಯಾಯಿತಿ ಮುಗಿಯುವುದಿಲ್ಲ.

ಗಡಿಯಾರದ ರಕ್ಷಣೆಗೆ ಒಂದು ಮೂಲಭೂತ ದೋಷವಿದೆ. ಅದು ಏಟನ್ನು ತಡೆಯುತ್ತದೆ, ಜೊತೆಗೆ ಏಟಿನಿಂದ ಬರುವ ತಿಳಿವಳಿಕೆಯನ್ನೂ ತಡೆಯುತ್ತದೆ. ಯಾರೂ ಬಾರದ ಊರಿನಲ್ಲಿ ಗೋಡೆ ಏಕೆ ಬೇಕು? ಹೊಸಬ ಇದ್ದಬದ್ದದ್ದನ್ನೆಲ್ಲ ಉಗ್ರಾಣ ತುಂಬಿಸಲು ಸುರಿಯುತ್ತಾನೆ. ನಾಲ್ಕನೆಯ ಬೆಳಿಗ್ಗೆ ಉಗ್ರಾಣ ಬರಿದಾಗಿರುತ್ತದೆ.

ಅರ್ಥಶಾಸ್ತ್ರಕ್ಕೆ ಈ ಸಮಸ್ಯೆ ಹೊಸದಲ್ಲ. ಎಳೆಯ ಉದ್ದಿಮೆಗಳಿಗೆ ಕೆಲಕಾಲ ರಕ್ಷಣೆ ಬೇಕೆಂದು ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ವಾದಿಸಿದ್ದರು. ಆ ವಾದದ ಇನ್ನೊಂದು ತುದಿಯನ್ನು ನಾವು ಕಂಡವರು. ಪೈಪೋಟಿಯೇ ಇಲ್ಲದ ದಶಕಗಳಲ್ಲಿ ಅಂಬಾಸಿಡರ್ ಕಾರು ಹೆಚ್ಚೇನೂ ಬದಲಾಗದೆ ಓಡಿತು. ಪೈಪೋಟಿ ಬಂದ ಮೇಲೆ ಸೊರಗುತ್ತ ಹೋಗಿ, 2014ರಲ್ಲಿ ಅದರ ತಯಾರಿಕೆ ನಿಂತಿತು. ಅತಿ ಮೊಟಕಾದ ರಕ್ಷಣೆ ಹೊಸಬನನ್ನು ಬಲಿಕೊಟ್ಟರೆ, ಅತಿ ದೀರ್ಘವಾದದ್ದು ಅವನನ್ನು ಎಂದಿಗೂ ಬೆಳೆಯದ ಮಗುವಾಗಿಸುತ್ತದೆ. ಬೆಳವಣಿಗೆಗೆ ತಕ್ಕಂತೆ ಹಂತಹಂತವಾಗಿ ಸಡಿಲಗೊಳ್ಳುವ ರಕ್ಷಣೆಯೊಂದೇ ಈ ಎರಡು ಅಪಾಯಗಳ ನಡುವಿನ ಹಾದಿ.

ಇಷ್ಟೇ ಆಗಿದ್ದರೆ ಇದು ಆಟದ ವಿನ್ಯಾಸಕಾರರ ಚರ್ಚೆಯಾಗಿ ಮುಗಿಯುತ್ತಿತ್ತು. ಆದರೆ ಇಲ್ಲಿ ವ್ಯಾಪಾರವೂ ಸೇರಿಕೊಂಡಿದೆ. ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಆರಂಭದ ವರ್ಷಗಳಲ್ಲಿ ಹೊಸಬರಿಗೆ ಒಂದಿಷ್ಟು ಹಸಿರು ರತ್ನಗಳನ್ನು ಉಚಿತವಾಗಿ ನೀಡುತ್ತಿತ್ತು. ಕಟ್ಟಡದ ಕೆಲಸ ಬೇಗ ಮುಗಿಸಲು ಅದನ್ನು ಖರ್ಚು ಮಾಡುವ ಬಗೆಯನ್ನು ಮೊದಲ ಪಾಠದಲ್ಲಿಯೇ ಕಲಿಸುತ್ತಿತ್ತು. ಗುರಾಣಿ ಮುಗಿದ ಮೇಲೆ ಹೊಸ ಗುರಾಣಿಯೂ ಅಂಗಡಿಯಲ್ಲಿ ಸಿಗುತ್ತಿತ್ತು: ಒಂದು ದಿನಕ್ಕೆ 100 ರತ್ನ, ಎರಡು ದಿನಕ್ಕೆ 150, ಒಂದು ವಾರಕ್ಕೆ 250. ರತ್ನಗಳು ಆಟದೊಳಗೆ ಅಲ್ಪಸ್ವಲ್ಪ ದೊರೆಯುತ್ತಿದ್ದವು. ಹೆಚ್ಚು ಬೇಕೆಂದವರು ನಿಜವಾದ ಹಣ ತೆರಬೇಕಿತ್ತು.

ಮರಾಠರ ಕಾಲದ 'ಚೌತ್' ನಮಗೆ ಪಠ್ಯಪುಸ್ತಕದಿಂದಲೇ ಪರಿಚಿತ. ಕಂದಾಯದ ನಾಲ್ಕನೇ ಒಂದು ಭಾಗ ತೆತ್ತರೆ ದಾಳಿಯಿಂದ ಬಿಡುಗಡೆ. ರಕ್ಷಣೆಯನ್ನು ಮಾರುವವನ ಕೈಯಲ್ಲೇ ಆಕ್ರಮಣದ ಕೀಲಿಯೂ ಇದ್ದರೆ, ಮಾರಾಟವಾಗುವುದು ರಕ್ಷಣೆಯಲ್ಲ, ಭಯ. ಆಟದಲ್ಲಿ ಯಾರು ಯಾರನ್ನು ಯಾವಾಗ ದೋಚಬಹುದೆಂದು ನಿಯಮ ಬರೆಯುವವರೂ, ದೋಚದಂತೆ ತಡೆಯುವ ಗುರಾಣಿಗೆ ಬೆಲೆ ಕಟ್ಟುವವರೂ ಒಬ್ಬರೇ. ಆರಂಭದ ಉಚಿತ ದಿನಗಳು ಆಗ ಸಂತೆಯಲ್ಲಿ ರುಚಿ ನೋಡಲು ಕೊಡುವ ಹಣ್ಣಿನ ಹೋಳಿನಂತಾಗುತ್ತವೆ.

ಇಂಥ ಆಟಗಳನ್ನು ಆಡುವವರಲ್ಲಿ ಮಕ್ಕಳೂ ಇದ್ದಾರೆ ಎಂಬುದರಿಂದ ವಿಷಯ ಗಂಭೀರವಾಗುತ್ತದೆ. 'ಈಗಲೇ ಕೊಳ್ಳದಿದ್ದರೆ ಅವಕಾಶ ತಪ್ಪಿತು' ಎಂಬ ಸುಳ್ಳು ಅವಸರವನ್ನು ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಆಟದೊಳಗಿನ ಕಾಲ್ಪನಿಕ ನಾಣ್ಯದಲ್ಲಿ ಮಾರುವ ವಸ್ತುವಿನ ಬೆಲೆಯನ್ನು ನಿಜವಾದ ಹಣದಲ್ಲಿಯೂ ಸ್ಪಷ್ಟವಾಗಿ ಕಾಣಿಸಬೇಕೆಂದು ಐರೋಪ್ಯ ಒಕ್ಕೂಟದ ಗ್ರಾಹಕ ಸಂರಕ್ಷಣಾ ಸಂಸ್ಥೆಗಳ ಜಾಲ 2025ರ ಮಾರ್ಚ್‌ನಲ್ಲಿ ಹೇಳಿತು. ಇವೆರಡೂ ಸ್ವಾಗತಾರ್ಹ. ಆದರೆ ದಾಳಿಯ ನಿಯಮ ಬರೆಯುವವರು ದಾಳಿಯಿಂದ ಬಿಡುಗಡೆಯನ್ನೂ ಮಾರಬಹುದೇ ಎಂಬ ಪ್ರಶ್ನೆಗೆ ಇಷ್ಟರಿಂದಲೇ ಉತ್ತರ ಸಿಗುವುದಿಲ್ಲ. ಅದನ್ನು ಕೇಳುವ ಕೆಲಸ ಪೋಷಕರದೂ ಹೌದು. 'ಎಷ್ಟು ಹೊತ್ತು ಆಡಿದೆ?' ಎಂದು ಗದರಿಸುವ ಜೊತೆಗೆ, 'ಗುರಾಣಿ ಮುಗಿದ ಮೇಲೆ ಏನು ಮಾಡುತ್ತೀಯ?' ಎಂದೂ ಮಕ್ಕಳನ್ನು ಕೇಳಬಹುದು.

ಉತ್ತರ ಆಟದಲ್ಲಿಯೇ ಇದೆ. ಟ್ರೇವಿಯನ್‌ನಲ್ಲಿ ದವಸವನ್ನು ದಾಳಿಕೋರರಿಂದ ಮರೆಮಾಚಿಡುವ ಸಣ್ಣ ನೆಲಮಾಳಿಗೆಯೊಂದಿದೆ. ಉತ್ತರ ಕರ್ನಾಟಕದ ಹಗೇವನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ, ಸುತ್ತಲಿನವರೊಡನೆ ಕೂಡಿ ಒಕ್ಕೂಟ ಕಟ್ಟಿಕೊಳ್ಳುವ ಅವಕಾಶವಿದೆ. ಒಬ್ಬನ ಮೇಲೆ ದಾಳಿಯಾದರೆ ಉಳಿದವರು ಕಾವಲಿಗೆ ಸೈನ್ಯ ಕಳುಹಿಸಬಹುದು. ಗುರಾಣಿ ದಿನ ಲೆಕ್ಕ ಹಾಕಿ ಹೊರಟುಹೋಗುತ್ತದೆ. ಹಗೇವು ಮತ್ತು ನೆರೆಹೊರೆ ಆನಂತರವೂ ಉಳಿಯುತ್ತವೆ. ಮೊದಲ ಮೂರು ದಿನಗಳನ್ನು ಉಗ್ರಾಣ ತುಂಬಲು ಬಳಸುವ ಬದಲು ಇವೆರಡನ್ನು ಸಂಪಾದಿಸಲು ಬಳಸಿದವನಿಗೆ ನಾಲ್ಕನೆಯ ದಿನ ಅಂಗಡಿಯ ಬಾಗಿಲು ತಟ್ಟುವ ಅಗತ್ಯ ಬೀಳಲಾರದು.