ಕಿವಿಗೆ ಬಿದ್ದ ಕಾನ್ರಾಡ್

ಕಾವ್ಯವು ಕಿವಿಗೆ, ಕಾದಂಬರಿಯು ಕಣ್ಣಿಗೆ ಎಂದು ಹೇಳುವ ವಾಡಿಕೆಯುಂಟು. ಕುಮಾರವ್ಯಾಸನನ್ನು ಗಮಕಿಯ ಕಂಠದಲ್ಲಿ ಕೇಳಬೇಕು. ಕಾದಂಬರಿಯನ್ನಾದರೋ ಒಂದು ಮೂಲೆಯಲ್ಲಿ ಒಬ್ಬನೇ ಕುಳಿತು ಮೌನವಾಗಿ ಓದಿಕೊಳ್ಳಬೇಕು. ಅಚ್ಚಿನ ಮೊಳೆಯನ್ನೇ ನಂಬಿ ಬೆಳೆದ ಸಾಹಿತ್ಯ ಪ್ರಕಾರಕ್ಕೆ ಕಂಠದ ಹಂಗೇಕೆ? ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ 19ನೆಯ ಶತಮಾನ ಮುಗಿದು 20ನೆಯದು ತೊಡಗುವ ಸಂಧಿಕಾಲದ ಆಂಗ್ಲ ಕಥೆಗಳನ್ನು ಧ್ವನಿಮುದ್ರಿಕೆಯಲ್ಲಿ ಕೇಳಿದವರು ಈ ವಿಭಜನೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಆ ಕಾಲದ ಲೇಖಕರಿಗೆ ಕಥೆಯನ್ನು ಯಾರಾದರೊಬ್ಬರ ಬಾಯಲ್ಲಿ ಹೇಳಿಸುವುದೆಂದರೆ ಬಲು ಪ್ರೀತಿ. 1895ರಲ್ಲಿ ಪ್ರಕಟವಾದ ಎಚ್. ಜಿ. ವೆಲ್ಸನ 'ದಿ ಟೈಮ್ ಮೆಷಿನ್'ನಲ್ಲಿ ಕಾಲಯಾತ್ರಿಕನು ಊಟಕ್ಕೆ ಬಂದ ಅತಿಥಿಗಳೆದುರು ತನ್ನ ಅನುಭವವನ್ನು ಹೇಳುತ್ತಾನೆ. 1898ರ 'ದಿ ಟರ್ನ್ ಆಫ್ ದಿ ಸ್ಕ್ರೂ'ವಿನಲ್ಲಿ ಕ್ರಿಸ್‌ಮಸ್ ಕಾಲದ ಒಂದು ಮನೆಯೊಳಗೆ, ಬೆಂಕಿಯ ಸುತ್ತ ಕುಳಿತವರಿಗಾಗಿ ಒಬ್ಬನು ಹಳೆಯ ಹಸ್ತಪ್ರತಿಯೊಂದನ್ನು ಓದುತ್ತಾನೆ. ಅದರ ಕರ್ತೃ ಹೆನ್ರಿ ಜೇಮ್ಸನಿಗೆ 1897ರ ವೇಳೆಗೆ ಮಣಿಕಟ್ಟಿನ ನೋವು ಹೆಚ್ಚಾಗಿ, ಬೆರಳಚ್ಚುಗಾರನಿಗೆ ಬಾಯಲ್ಲಿ ಹೇಳಿ ಬರೆಸುವ ರೂಢಿ ಹತ್ತಿತು. ಆತನ ಉತ್ತರಕಾಲದ ವಾಕ್ಯಗಳ ಸುತ್ತುಬಳಸನ್ನು ಕಂಡು ಬೇಸತ್ತ ವಿದ್ಯಾರ್ಥಿಗಳು ಅನೇಕರು. ಆ ವಾಕ್ಯಗಳು ಹುಟ್ಟಿದ್ದು ಕೋಣೆಯಲ್ಲಿ ಅತ್ತಿತ್ತ ನಡೆದಾಡುವ ಮನುಷ್ಯನ ನಾಲಗೆಯ ಮೇಲೆ. ಒಳ್ಳೆಯ ವಾಚಕನ ಬಾಯಲ್ಲಿ ಅವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ನಮ್ಮ ಮುದ್ದಣನೂ ಸರಿಸುಮಾರು ಇದೇ ಕಾಲದವನು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1901ರಲ್ಲಿ ತೀರಿಕೊಂಡ ಆತನ 'ಶ್ರೀರಾಮಾಶ್ವಮೇಧಂ' ಕೃತಿಯನ್ನು ಇಂದಿಗೂ ನಮ್ಮ ಹೃದಯದಲ್ಲಿ ಉಳಿಸಿರುವುದು ಕುದುರೆಯ ಹಿಂದಿನ ಯುದ್ಧಗಳಲ್ಲ. ಕಥೆ ಹೇಳುವ ಮುದ್ದಣ ಮತ್ತು ನಡುನಡುವೆ ತಡೆದು ಕೆಣಕುವ ಮನೋರಮೆ. ಕೇಳುವವಳೊಬ್ಬಳು ಎದುರಿಗಿದ್ದಾಳೆ ಎಂಬ ಎಚ್ಚರದಿಂದಲೇ ಆ ಗದ್ಯಕ್ಕೆ ಜೀವ ಬಂದಿದೆ. ಎಲ್ಲಿಯ ನಂದಳಿಕೆ, ಎಲ್ಲಿಯ ಲಂಡನ್ನು! ಆದರೂ ಹೇಳುವವನ ಜೊತೆಗೆ ಕೇಳುವವರನ್ನೂ ಕಥೆಯೊಳಗೇ ಕೂರಿಸುವ ಈ ಚಾಳಿ ಎರಡು ಕಡೆಯೂ ಒಂದೇ.

ಇವರೆಲ್ಲರಲ್ಲಿ ಕಿವಿಗೆ ಅತ್ಯಂತ ಋಣಿಯಾದವನೆಂದರೆ ಜೋಸೆಫ್ ಕಾನ್ರಾಡ್. 1857ರಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟಿದ ಈತನಿಗೆ ಇಂಗ್ಲಿಷು ಮೂರನೆಯ ಭಾಷೆ. ಪೋಲಿಷ್, ಫ್ರೆಂಚ್ ಆದ ಮೇಲೆ, ಇಪ್ಪತ್ತು ತುಂಬಿದ ನಂತರ, ಹಡಗಿನ ನಾವಿಕರ ನಡುವೆ ಕಿವಿಯ ಮೂಲಕ ಒಳಗಿಳಿದ ಭಾಷೆ. ತಂದೆ ಷೇಕ್ಸ್‌ಪಿಯರನನ್ನೂ ವಿಕ್ಟರ್ ಹ್ಯೂಗೋವನ್ನೂ ಅನುವಾದಿಸಿದವರು. ಹ್ಯೂಗೋವಿನ ಕಾದಂಬರಿಯೊಂದರ ಅನುವಾದದ ಕರಡಚ್ಚನ್ನು ಬಾಲಕ ಕಾನ್ರಾಡ್ ತಂದೆಯೆದುರು ಗಟ್ಟಿಯಾಗಿ ಓದಿದ್ದುಂಟು. ಈ ನೆನಪನ್ನು 1912ರಲ್ಲಿ ಪುಸ್ತಕವಾಗಿ ಬಂದ 'ಎ ಪರ್ಸನಲ್ ರೆಕಾರ್ಡ್'ನಲ್ಲಿ ಆತನೇ ಬರೆದಿದ್ದಾನೆ. ಇಂಗ್ಲಿಷ್ ಗದ್ಯದ ಮಹಾಶಿಲ್ಪಿಗಳಲ್ಲಿ ಒಬ್ಬನೆನಿಸಿದರೂ ಆತನ ಉಚ್ಚಾರಣೆಯಲ್ಲಿ ಪೋಲಿಷ್ ಛಾಯೆ ಕಡೆಯವರೆಗೂ ಅಳಿಯಲಿಲ್ಲ.

1899ರಲ್ಲಿ 'ಬ್ಲ್ಯಾಕ್‌ವುಡ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಮೂರು ಕಂತುಗಳಾಗಿ ಬಂದ 'ಹಾರ್ಟ್ ಆಫ್ ಡಾರ್ಕ್‌ನೆಸ್' ಕಥೆಯ ಸನ್ನಿವೇಶವನ್ನು ನೋಡಿ. ಥೇಮ್ಸ್ ನದಿಯ ಮುಖದಲ್ಲಿ ನಿಂತ ದೋಣಿಯೊಂದರಲ್ಲಿ ಐವರು ಗೆಳೆಯರು ನೀರಿನ ಇಳಿತಕ್ಕೆ ಕಾದಿದ್ದಾರೆ. ಕತ್ತಲಾಗುತ್ತದೆ. ಮಾರ್ಲೋ ಎಂಬವನು ತಾನು ಕಾಂಗೋ ನದಿಯ ಮೇಲೆ ಹೋದ ಕಥೆಯನ್ನು ಹೇಳತೊಡಗುತ್ತಾನೆ. ಕತ್ತಲು ದಟ್ಟೈಸಿದಂತೆ ಉಳಿದವರಿಗೆ ಅವನ ಮುಖವೂ ಕಾಣದಾಗಿ, ಬರಿಯ ಧ್ವನಿಯೊಂದೇ ಉಳಿಯುತ್ತದೆ. ಅಚ್ಚಿನ ಪುಟದಲ್ಲಿ ಪ್ರತಿ ಪರಿಚ್ಛೇದದ ಮೊದಲಿಗೂ ಉದ್ಧರಣ ಚಿಹ್ನೆ ಇರುತ್ತದೆ, ನಿಜ. ಆದರೆ ನಾಲ್ಕು ಪುಟ ಕಳೆಯುವಷ್ಟರಲ್ಲಿ ಕಣ್ಣು ಆ ಚಿಹ್ನೆಯನ್ನು ಮರೆತು, ಇದೊಂದು ಬರೆದ ವರದಿ ಎಂಬಂತೆ ಸಾಗುತ್ತದೆ. ದೀಪ ಆರಿಸಿ ಹಾಸಿಗೆಯ ಮೇಲೆ ಮಲಗಿ ಇದೇ ಕಥೆಯನ್ನು ಕೇಳಿದರೆ ನಾವು ಆರನೆಯವರಾಗಿ ಅದೇ ದೋಣಿಯಲ್ಲಿದ್ದೇವೆ. ಮಾರ್ಲೋ ಮಾತು ನಿಲ್ಲಿಸಿ ಚುಟ್ಟದ ಕೊಳವೆಗೆ ಕಿಡಿ ಹೊತ್ತಿಸುವ ಮೌನ, ಅವನ ಒರಟು ಮಾತಿಗೆ ಕತ್ತಲಿನಿಂದ ಯಾರೋ ಗೊಣಗುವ ಆಕ್ಷೇಪಣೆ, ಇವು ಪುಟದ ಮೇಲೆ ಅಲಂಕಾರ, ಕಿವಿಯಲ್ಲಿ ಘಟನೆಗಳು. ಮಾರ್ಲೋ ಹುಡುಕಿಕೊಂಡು ಹೊರಟ ಕುರ್ಟ್ಸ್ ಎಂಬ ದಂತದ ವ್ಯಾಪಾರಿಯಾದರೂ ಎಂಥವನು? ಅವನನ್ನು ಕಾಣಬೇಕೆನ್ನುವುದಕ್ಕಿಂತ ಅವನ ಮಾತನ್ನು ಕೇಳಬೇಕೆಂಬುದೇ ತನ್ನ ಹಂಬಲವಾಗಿತ್ತೆಂದು ಮಾರ್ಲೋ ನಡುದಾರಿಯಲ್ಲಿ ಕಂಡುಕೊಳ್ಳುತ್ತಾನೆ. ಧ್ವನಿಯೊಂದು ಇನ್ನೊಂದು ಧ್ವನಿಯನ್ನು ಅರಸಿ ಹೋದ ಕಥೆ ಇದು.

ಧ್ವನಿಮುದ್ರಿಕೆಯ ಇತಿಹಾಸಕ್ಕೂ ಕಾನ್ರಾಡನಿಗೂ ವಿಚಿತ್ರವಾದ ನಂಟೊಂದಿದೆ. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದ ಮರುವರ್ಷವೇ, ಅದರ ಉಪಯೋಗಗಳಲ್ಲಿ ಅಂಧರಿಗಾಗಿ ಮಾತನಾಡುವ ಪುಸ್ತಕಗಳನ್ನೂ ಎಣಿಸಿದ್ದನು. ಆದರೆ ಕೆಲವೇ ನಿಮಿಷಗಳ ಶಬ್ದವನ್ನು ಹಿಡಿಯಬಲ್ಲ ಉರುಳೆಯ ಮೇಲೆ ಕಾದಂಬರಿ ಹಿಡಿಸುವುದು ಹೇಗೆ? ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡು ಮನೆಗೆ ಮರಳಿದರು. ಬೆಳೆದ ವಯಸ್ಸಿನಲ್ಲಿ ಬ್ರೈಲ್ ಲಿಪಿಯನ್ನು ಬೆರಳಿಗೆ ಕಲಿಸುವುದು ಅವರಲ್ಲಿ ಅನೇಕರಿಗೆ ದುಸ್ಸಾಧ್ಯವಾಯಿತು. 1916ರ ಸೊಮ್ ಯುದ್ಧದಲ್ಲಿ ತಾನೇ ಕಣ್ಣು ಕಳೆದುಕೊಂಡ ಇಯನ್ ಫ್ರೇಜರ್ ಎಂಬಾತನು ಯುದ್ಧದಲ್ಲಿ ಅಂಧರಾದವರ ಸಂಸ್ಥೆಯಾದ ಸೇಂಟ್ ಡನ್‌ಸ್ಟನ್ಸ್‌ನ ಮುಖ್ಯಸ್ಥನಾಗಿ ಈ ಪ್ರಯೋಗಗಳ ಬೆನ್ನುಹತ್ತಿದನು. ನಿಮಿಷಕ್ಕೆ 24 ಸುತ್ತು ಮಾತ್ರ ತಿರುಗುವ, ಒಂದೊಂದು ಮಗ್ಗುಲಿಗೆ ಸುಮಾರು 25 ನಿಮಿಷಗಳ ಮಾತು ಹಿಡಿಯುವ ಅರಗಿನ ತಟ್ಟೆಗಳು ಸಿದ್ಧವಾದವು. 1935ರಲ್ಲಿ ಬ್ರಿಟನ್ನಿನ ಅಂಧರ ಮನೆಗಳಿಗೆ ಹೊರಟ ಮೊಟ್ಟಮೊದಲ ಮಾತನಾಡುವ ಪುಸ್ತಕಗಳಲ್ಲಿ ಒಂದು ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ. ಇನ್ನೊಂದು 1902ರಲ್ಲಿ ಬಂದ ಕಾನ್ರಾಡನ 'ಟೈಫೂನ್'.

ಆರಿಸಿದವರ ಮನಸ್ಸಿನಲ್ಲಿ ಏನೇ ಇದ್ದಿರಲಿ, ಆಯ್ಕೆ ಮಾತ್ರ ಮರ್ಮಕ್ಕೆ ತಾಗುವಂಥದು. 'ನಾನ್-ಶಾನ್' ಎಂಬ ಹಡಗು ಚೀನಾ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿದೆ. ಕಣ್ಣಿಗೆ ಕಣ್ಣು ಕಾಣದ ಕತ್ತಲು. ಜ್ಯೂಕ್ಸ್ ಎಂಬ ಅಧಿಕಾರಿಗೆ ಜಗತ್ತಿನಲ್ಲಿ ಉಳಿದಿರುವ ಆಧಾರವೆಂದರೆ ಗಾಳಿಯ ಆರ್ಭಟದ ನಡುವೆ ಅವನ ಕಿವಿಗೆ ತುಸುತುಸುವೇ ತಲುಪುವ ಕಪ್ತಾನ ಮ್ಯಾಕ್‌ವರ್‌ನ ಧ್ವನಿ. ಕೆಳಗಿನ ಯಂತ್ರಕೋಣೆಗೂ ಮೇಲಿನ ಕಟ್ಟೆಗೂ ಇರುವ ಸಂಬಂಧ ಒಂದು ಮಾತಿನ ಕೊಳವೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡವನೊಬ್ಬನು ತನ್ನ ಕೋಣೆಯಲ್ಲಿ ಕುಳಿತು ಇದನ್ನು ಕೇಳಿದಾಗ, ಜ್ಯೂಕ್ಸನ ಸ್ಥಿತಿಯನ್ನು ಅವನಿಗೆ ಯಾವ ಅಧ್ಯಾಪಕನೂ ವಿವರಿಸಬೇಕಾಗಿರಲಿಲ್ಲ.

ಈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಿರುಗಾಳಿಯ ಅತ್ಯಂತ ಘೋರವಾದ ಭಾಗವನ್ನು ಕಾನ್ರಾಡ್ ವರ್ಣಿಸುವುದೇ ಇಲ್ಲ. ಹಡಗನ್ನು ಕಳೆದುಕೊಳ್ಳಲು ತನಗೆ ಮನಸ್ಸಿಲ್ಲವೆಂದು ಕಪ್ತಾನನು ತನಗೆ ತಾನೇ ಎಂಬಂತೆ ಹೇಳಿಕೊಳ್ಳುತ್ತಾನೆ. ಆ ಸಂಕಟ ಅವನಿಗೆ ತಪ್ಪಿತೆಂದು ನಿರೂಪಕನು ಒಂದೇ ಗಿಡ್ಡ ವಾಕ್ಯದಲ್ಲಿ ಹೇಳಿ ಅಧ್ಯಾಯವನ್ನು ಮುಗಿಸಿಬಿಡುತ್ತಾನೆ. ಮುಂದಿನ ಅಧ್ಯಾಯ ತೆರೆಯುವುದು ಬಿಸಿಲಿನಲ್ಲಿ ಬಂದರನ್ನು ಹೊಗುವ ಹಡಗಿನೊಂದಿಗೆ. ಓದುಗನು ಇಲ್ಲಿ ಹಾಳೆ ಮಗುಚುತ್ತಾನೆ, ಅಷ್ಟೆ. ಧ್ವನಿಮುದ್ರಿಕೆಯಲ್ಲಾದರೋ ಅಧ್ಯಾಯಗಳ ನಡುವಿನ ಆ ಕೆಲವು ಕ್ಷಣಗಳ ನಿಶ್ಶಬ್ದವನ್ನು ಕೇಳುಗನು ಸಹಿಸಲೇಬೇಕು. ತರಗತಿಯಲ್ಲಿ ಒಮ್ಮೆ ಈ ಭಾಗವನ್ನು ಕೇಳಿಸಿದಾಗ, ಮುದ್ರಿಕೆ ಕೆಟ್ಟಿತೆಂದು ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದೇ ನಿಂತ. ಕಾನ್ರಾಡನಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇಕೆ!

ಕಥೆಯ ಕೊನೆಯಲ್ಲಿ ಪತ್ರಗಳು ಊರಿಗೆ ತಲುಪುತ್ತವೆ. ಕಪ್ತಾನನ ಹೆಂಡತಿ ಗಂಡನ ಪತ್ರದ ಮೇಲೆ ಅಲ್ಲೊಂದು ಇಲ್ಲೊಂದು ಕಡೆ ಕಣ್ಣಾಡಿಸುತ್ತಾಳೆ. ಮುಂಜಾನೆ ನಾಲ್ಕರಿಂದ ಆರರವರೆಗೆ ಹಡಗು ಉಳಿಯಲಾರದೆಂದು ಅವನಿಗೆ ನಿಜವಾಗಿ ಅನ್ನಿಸಿತ್ತು; ಆ ಮಾತು ಇರುವುದು ಹಾಳೆಯ ಮಗ್ಗುಲಲ್ಲಿ. ಅವಳು ಹಾಳೆಯನ್ನು ತಿರುಗಿಸುವುದೇ ಇಲ್ಲ. ಅದೇ ಹಡಗಿನ ಯಂತ್ರಾಧಿಕಾರಿ ಸಾಲೊಮನ್ ರೌಟನ ಹೆಂಡತಿಯ ಕ್ರಮವೇ ಬೇರೆ. ಗಂಡನ ಪತ್ರ ಬಂದರೆ ಸಾಕು, ಸ್ವಾರಸ್ಯವಾದ ಮಾತುಗಳನ್ನು ಕಿವುಡಿ ಅತ್ತೆಗೆ ಕೇಳುವಂತೆ ಕೂಗಿ ಓದುತ್ತಾಳೆ. ಮೌನವಾಗಿ ಹಾಳೆ ಮಗುಚುವ ಓದನ್ನೂ ಕೂಗಿ ಹೇಳುವ ಓದನ್ನೂ ಕಾನ್ರಾಡ್ ಹೀಗೆ ಒಂದೇ ಕಥೆಯಲ್ಲಿ ಎದುರುಬದುರು ಇಟ್ಟಿದ್ದಾನೆ. ಆತನ ಒಲವು ಯಾವ ಕಡೆಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಅರಗಿನ ತಟ್ಟೆಗಳಾಗಿ 70 ವರ್ಷಗಳ ಮೇಲೆ, 2005ರಲ್ಲಿ, ಕೆನಡಾದ ಮಾಂಟ್ರಿಯಲ್ಲಿನಲ್ಲಿ ಹ್ಯೂ ಮೆಗ್ವಾಯರ್ ಎಂಬಾತನು ಲಿಬ್ರಿವಾಕ್ಸ್ ಎಂಬ ಉದ್ಯಮವನ್ನು ಆರಂಭಿಸಿದನು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಮುದ್ರಿಸುತ್ತಾರೆ. ಯಾರು ಬೇಕಾದರೂ ಬಿಟ್ಟಿಯಾಗಿ ಕೇಳಬಹುದು. ಅಲ್ಲಿಯೂ ಮೊದಲ ಪುಸ್ತಕ ಕಾನ್ರಾಡನದೇ: 1907ರ 'ದಿ ಸೀಕ್ರೆಟ್ ಏಜೆಂಟ್'. ಹಲವರು ಅಧ್ಯಾಯಗಳನ್ನು ಹಂಚಿಕೊಂಡು ಅದನ್ನು ಓದಿದರು. ಶತಮಾನದ ಸಂಧಿಕಾಲದ ಕಥೆಗಳು ಇಂದು ಮೊಬೈಲಿನಲ್ಲಿ ಇಷ್ಟು ಧಾರಾಳವಾಗಿ ದೊರೆಯಲು ಕಾರಣ ರಸಿಕತೆಯೊಂದೇ ಅಲ್ಲ, ಕಾನೂನೂ ಹೌದು. ಹಕ್ಕಿನ ಬೇಲಿ ಬಿದ್ದುಹೋದ ಹೊಲದಲ್ಲಿ ಅದೇ ಕಾಲದ ಫಸಲು ಹುಲುಸಾಗಿದೆ. ವಾಚಕರೆಲ್ಲರೂ ನುರಿತವರೆಂದು ಹೇಳಲಾಗದು. ಒಬ್ಬರದು ಪಾಠ ಒಪ್ಪಿಸುವ ಧಾಟಿ, ಇನ್ನೊಬ್ಬರದು ನಾಟಕದ ಅಬ್ಬರ. ನನಗೆ ಅಬ್ಬರಕ್ಕಿಂತ ಪಾಠದ ಧಾಟಿಯೇ ಮೇಲೆನಿಸುತ್ತದೆ. ಅದು ಲೇಖಕನ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಇನ್ನು ಬೇರೆಬೇರೆ ದೇಶದವರ ಉಚ್ಚಾರಣೆಯ ಮಾತು. ಇಂಗ್ಲಿಷನ್ನು ಪೋಲಿಷ್ ನಾಲಗೆಯಲ್ಲಿ ಆಡಿದ ಕಾನ್ರಾಡನ ಕೃತಿಗೆ ಅದು ಕುಂದೆಂದು ಹೇಗೆ ಹೇಳೋಣ?

ಕಿವಿಯ ಈ ಸುಖಕ್ಕೆ ಒಂದು ಮುಳ್ಳೂ ಇದೆ. 1975ರಲ್ಲಿ ನೈಜೀರಿಯದ ಕಾದಂಬರಿಕಾರ ಚಿನುವಾ ಅಚೆಬೆ ಅಮೆರಿಕದಲ್ಲಿ ಮಾಡಿದ ಪ್ರಖ್ಯಾತ ಉಪನ್ಯಾಸವೊಂದರಲ್ಲಿ 'ಹಾರ್ಟ್ ಆಫ್ ಡಾರ್ಕ್‌ನೆಸ್' ಜನಾಂಗದ್ವೇಷದ ಕೃತಿಯೆಂದು ಆಪಾದಿಸಿದನು. ಆಫ್ರಿಕದವರಿಗೆ ಈ ಕಥೆಯಲ್ಲಿ ಮಾತೇ ಇಲ್ಲ, ಅವರಿಗೆ ಬಾಯಿ ಬರುವುದು ಎರಡೇ ಸಲ ಎಂಬುದು ಅವನ ಆಕ್ಷೇಪಣೆಗಳಲ್ಲೊಂದು. ಪುಟದ ಮೇಲೆ ಈ ವಾದವನ್ನು ಪರೀಕ್ಷೆಯ ಉತ್ತರದಂತೆ ಬರೆದು ಮುಗಿಸಬಹುದು. ಕೇಳುವಾಗ ಹಾಗೆ ತಪ್ಪಿಸಿಕೊಳ್ಳಲಾಗದು. ನಾಲ್ಕೂವರೆ ಗಂಟೆಗಳ ಕಾಲ ಒಬ್ಬ ಯುರೋಪಿಯನ್ನನು ಮಾತನಾಡುತ್ತಲೇ ಇರುತ್ತಾನೆ. ದಡದ ಮೇಲಿನ ಜನರಿಂದ ಬರುವುದು ಕೂಗು, ಗೋಳು, ನಗಾರಿಯ ಸದ್ದು. ಕಪ್ಪು ಜನರನ್ನು ಕುರಿತು ಅಂದು ಸಲೀಸಾಗಿ ಬಳಸುತ್ತಿದ್ದ ಹೀನ ಪದವನ್ನು ಕಣ್ಣು ಹಾರಿಸಿಕೊಂಡು ಹೋಗಬಲ್ಲದು. ಕಿವಿಗೆ ಆ ಸವಲತ್ತಿಲ್ಲ; ಪ್ರತಿ ಸಲವೂ ಅದನ್ನು ಯಾರೋ ಬಾಯಿ ಬಿಟ್ಟು ಉಚ್ಚರಿಸುತ್ತಾರೆ. ಅಚೆಬೆಯ ಲೇಖನವನ್ನು ಓದಿ ಒಪ್ಪದ ವಿದ್ಯಾರ್ಥಿಯೂ ಕಥೆಯನ್ನು ಕೇಳಿದ ಮೇಲೆ ಯೋಚನೆಗೆ ಬಿದ್ದದ್ದನ್ನು ಕಂಡಿದ್ದೇನೆ. ಹಾಗೆಂದು ಕೃತಿ ಕೈಬಿಡುವಂಥದೆಂದು ನನಗೆ ತೋರುವುದಿಲ್ಲ. ಮಾತಿನ ಮೋಡಿಗಾರನಾದ ಕುರ್ಟ್ಸನ ಒಳಗೆ ಏನೂ ಇಲ್ಲವೆಂದು ತೋರಿಸಿದವನೂ ಇದೇ ಕಾನ್ರಾಡ್.

ಕುರ್ಟ್ಸ್ ಸತ್ತ ಸುದ್ದಿಯನ್ನು ತರುವವನು ಒಬ್ಬ ಆಳು ಹುಡುಗ. ಅಚೆಬೆ ಎಣಿಸಿದ ಎರಡು ಸಲಗಳಲ್ಲಿ ಇದೂ ಒಂದು, ಟಿ. ಎಸ್. ಎಲಿಯಟ್ 1925ರ 'ದಿ ಹಾಲೋ ಮೆನ್' ಕವನದ ನೆತ್ತಿಯ ಮೇಲೆ ಇರಿಸಿಕೊಂಡ ಮಾತೂ ಇದೇ. ಹರಕುಮುರಕು ಇಂಗ್ಲಿಷಿನ ಆ ಮಾತನ್ನು ಓದುವುದು ಹೇಗೆ ಎಂಬುದರಲ್ಲಿ ವಾಚಕನ ಮನುಷ್ಯತ್ವವೆಲ್ಲ ಬಯಲಾಗುತ್ತದೆ. ನಾನು ಕೇಳಿದವರಲ್ಲಿ ಒಬ್ಬರು ಅದನ್ನು ಅಣಕದ ದನಿಯಲ್ಲಿ ಹಾಸ್ಯವೆಂಬಂತೆ ಓದಿದರು, ಅಲ್ಲಿಗೇ ನಿಲ್ಲಿಸಿಬಿಟ್ಟೆ. ಇನ್ನೊಬ್ಬ ಮಹಿಳೆ ದನಿಯನ್ನು ಸ್ವಲ್ಪವೂ ಬದಲಿಸದೆ, ಅತಿಥಿ ಬಂದನೆಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ಉಸಿರೆಳೆದುಕೊಂಡ ಸದ್ದು ಸಣ್ಣಗೆ ಕೇಳಿಸಿತು. ಆಮೇಲೆ ಎಲ್ಲರೂ ಎದ್ದು ಓಡಿದರು. ಮಾರ್ಲೋ ಮಾತ್ರ ಕುಳಿತಲ್ಲಿಯೇ ಊಟ ಮುಂದುವರಿಸಿದ.